ಗುಡಿಸಿದ ಕಾಳು

"ಏನ್ ಹಾಳುಮೂಳು ತಿಂದು ಸತ್ತಾಳೋ ನಿನ್ನ ಹೆಂಡ್ತಿ. ಅದನ್ನ ನನ್ನ ತಲಿಗ್ಯಾಕ ಕಟ್ತೀಯಲೇ, ಸೂಳೆಮಗನ?"

ಸಾಹುಕಾರ ಬೆನಕಪ್ಪ ಹೀಗೆ ಬೈಯುವಾಗ ನನ್ನ ಹೆಂಡತಿ ದಸ್ತಗೀರಬಿಯ ಮಯ್ಯತ್ತು ಮಣ್ಣಾಗದೆ ಇನ್ನೂ ಮನೆಯಲ್ಲೇ ಇತ್ತು. ಅಂದು ಮುಂಜಾನೆ ಕೊಟ್ಟೂರು ಸ್ಟೇಷನ್ನಿನಲ್ಲಿ ಚೀಲ ಇಳಿಸುತ್ತಿದ್ದಾಗ ನನಗೆ ಸುದ್ದಿ ಬಂತು. ಓಡಿ ಬಂದೆ. ಅವಳ ಬಾಯಲ್ಲಿ ನೊರೆ, ಕಣ್ಣಿನ ಪಾಪೆ ಸಾಸಿವೆಯಷ್ಟಾಗಿತ್ತು. ಡಾಕ್ಟರು ಬಾಗಿಲಲ್ಲೇ ನಿಂತು, ಎದೆ ನಿಂತು ಸತ್ತಿದ್ದಾಳೆ ಎಂದು ಹೇಳಿ ಹೋದರು. ಮಯ್ಯತ್ತಿಗೆ ನೀರು ಹಾಕಿದ ಹೆಂಗಸರು ಮಾತ್ರ, ಆಕೆಯ ಕೈಗೆ ಹೈಬ್ರಿಡ್ ಹತ್ತಿಗೆ ಹೊಡೆಯುವ ಔಷಧಿಯ ನಾತವಿದೆ ಎಂದರು.

ಆ ನಾತವನ್ನೇ ಹಿಡಿದು ಹೊರಟೆ. ಒಲೆಯ ಬಳಿ ಅರ್ಧ ತಿಂದ ರೊಟ್ಟಿಗೆ ಅದೇ ನಾತ. ಮೊರದಲ್ಲಿ ಉಳಿದ ಜೋಳಕ್ಕೂ ಅದೇ. ಬೆನಕಪ್ಪನ ಗೋದಾಮು ಗುಡಿಸುವ ಹೆಂಗಸರಿಗೆ ಸಂಬಳವಿಲ್ಲ. ನೆಲಕ್ಕೆ ಬಿದ್ದ ಕಾಳೇ ಕೂಲಿ. ಮಣ್ಣು ಕೇರಿ, ತೊಳೆದು, ಬೀಸಿಕೊಳ್ಳುತ್ತಾರೆ. ದಸ್ತಗೀರಬಿಯೂ ಹಾಗೇ ಮಾಡಿದ್ದಳು. ಹಸಿವು ತಾಳದೆ ಅವಳು ಅಂದು ರೋಜಾ ಹಿಡಿದಿರಲಿಲ್ಲ; ನಾನು ಉಪವಾಸವಿದ್ದೆ, ಅದಕ್ಕೆ ಉಳಿದೆ.

ಗೋದಾಮಿನ ಮೂಲೆಯಲ್ಲಿ ಔಷಧಿಯ ಡ್ರಮ್ಮಿನ ತಳ ಒಡೆದು ನೆಲ ಕಪ್ಪಗೆ ನೆನೆದಿತ್ತು. ಪಕ್ಕದ ಜೋಳದ ಚೀಲಗಳೂ ನೆನೆದಿದ್ದವು. ನಾಳೆ ಅವು ಹಗರಿಬೊಮ್ಮನಹಳ್ಳಿ ಸಂತೆಗೆ ಹೋಗುವವು. ಬಾಗಿಲ ಹಿಂದೆ ಹೊಸದಾಗಿ ಗುಡಿಸಿದ ಕಾಳಿನ ಗುಡ್ಡೆ. ಸುತ್ತಲೂ ಸತ್ತ ಇರುವೆ. ಅದನ್ನು ತೋರಿಸಿದ್ದಕ್ಕೇ ಆ ಬೈಗುಳ. ಆಮೇಲೆ ಬೆನಕಪ್ಪ, ಇವನು ರಗಳೆ ಮಾಡಿದರೆ ಇನ್ನು ಯಾರೂ ಗುಡಿಸಲು ಬರುವುದು ಬೇಡ ಎಂದು ಹೆಂಗಸರಿಗೆ ಹೇಳಿದ.

ಗಾದೆಮ್ಮ ನನ್ನ ಹೆಂಡತಿಯ ಜೊತೆಯಲ್ಲೇ ಪೊರಕೆ ಹಿಡಿದು ಮುದುಕಿಯಾದವಳು. ನನ್ನನ್ನು ಹೊರಗೆ ಕರೆದಳು.

"ಖಾಸಿಮಣ್ಣ, ಹೋದಾಕಿ ಹೋದ್ಲು. ನಮ್ ಮಕ್ಕಳ ಬಾಯಾಗಿನ ರೊಟ್ಟಿ ಯಾಕ ಕಸೀತಿ?"

"ಅದರಾಗ ವಿಷ ಐತಿ, ಗಾದೆಮ್ಮ."

"ಇನ್ನೊಂದ್ ಸಲ ತೊಳಕಂತೀವಿ, ಬಿಡು."

ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ದಸ್ತಗೀರಬಿಗೆ ಮಣ್ಣು ಕೊಟ್ಟು ಬಂದೆ. ಓಣಿಯಲ್ಲಿ ಯಾರೂ ಮಾತಾಡಿಸಲಿಲ್ಲ. ಮನೆಯಲ್ಲಿದ್ದ ಸೀಮೆಎಣ್ಣೆಯ ಡಬ್ಬಿ ಹಿಡಿದು ಮತ್ತೆ ಗೋದಾಮಿಗೆ ನಡೆದೆ. ಹೆಂಗಸರು ಗುಡ್ಡೆಯ ಮುಂದೆ ಬುಟ್ಟಿ ಇಟ್ಟುಕೊಂಡು ಕೂತಿದ್ದರು. ಸೀಮೆಎಣ್ಣೆ ಬಿದ್ದ ಕಾಳನ್ನು ಯಾರೂ ಬೀಸುವುದಿಲ್ಲ, ಯಾರೂ ಕೊಳ್ಳುವುದಿಲ್ಲ. ಅರ್ಧ ಗುಡ್ಡೆಯ ಮೇಲೆ, ಅರ್ಧ ನೆನೆದ ಚೀಲಗಳ ಮೇಲೆ ಸುರಿದೆ.

ಬೆನಕಪ್ಪ ಚಪ್ಪಲಿ ಕಳಚಿ ಹೊಡೆದ. ನನ್ನ ಜೊತೆ ಮೂಟೆ ಹೊತ್ತ ಹಮಾಲರೇ ನನ್ನ ತೋಳು ಹಿಡಿದಿದ್ದರು. ಗಾದೆಮ್ಮ ಮಣ್ಣು ತೂರಿ, "ನಿನ್ನ ಕೈ ಸೇದಿಹೋಗ್ಲಿ" ಎಂದು ಶಪಿಸಿದಳು. ಅವಳ ಬುಟ್ಟಿ ಖಾಲಿಯಿತ್ತು.

ಮನೆ ಸೇರುವಾಗ ಹೊತ್ತು ಮುಳುಗಿ ಮಗ್ರಿಬಿನ ಅಜಾನ್ ಆಗುತ್ತಿತ್ತು. ಗುಟುಕು ನೀರು ಕುಡಿದು ರೋಜಾ ಬಿಟ್ಟೆ. ಬುಡ್ಡಿದೀಪಕ್ಕೆ ಹಾಕಲು ಎಣ್ಣೆ ಉಳಿದಿರಲಿಲ್ಲ. ಅವಳು ದಿನಾ ದೀಪ ಹಚ್ಚುತ್ತಿದ್ದ ಗೂಡಿನ ಪಕ್ಕದಲ್ಲಿ ಚಾಪೆ ಹಾಸಿ ನಮಾಜು ಮಾಡಿದೆ. ಒಡೆದ ತುಟಿ ಉರಿಯುತ್ತಿತ್ತು. ಕತ್ತಲಲ್ಲೇ ಎರಡೂ ಕೈ ಎತ್ತಿದೆ.

ಯಾ ಅಲ್ಲಾ, ಹಸಿದವಳು ಉಂಡದ್ದನ್ನು ತಪ್ಪೆಂದು ಎಣಿಸಬೇಡ. ಅವಳಿಗೆ ನೆಮ್ಮದಿ ಕೊಡು. ಅವಳ ಕಬರಿನಲ್ಲಿ ಬೆಳಕು ಮಾಡು.