ಹಳದಿ ಛತ್ರಿಯ ನೇರಕ್ಕೆ

ರೇಡಿಯೊ ಅಕ್ಕನ ಲಾಡ್ಜಿನಲ್ಲಿ ಕೋಣೆಯ ಬೀಗದಕೈ ಸಿಗುವುದಕ್ಕಿಂತ ಮುಂಚೆ ಬುದ್ಧಿಮಾತು ಸಿಗುತ್ತಿತ್ತು. ಅದೆಂಥಾ ಬುದ್ಧಿಮಾತು ಅಂತೀರಿ! ಕೌಂಟರಿನ ಮುಂದೆ ನಿಂತು ಕೇಳಿದವರಿಗೆ ಗಡ್ಡ ಬೆಳೆಯುತ್ತಿತ್ತು. ಹೊಸದಾಗಿ ಮದುವೆಯಾಗಿ ಬಂದ ಜೋಡಿ ಕೋಣೆ ಸೇರುವಷ್ಟರಲ್ಲಿ ಹಳೇ ಗಂಡ ಹೆಂಡತಿ ಆಗಿಬಿಡುತ್ತಿದ್ದರು. ಆ ಕಡಲ ದಡದ ಊರಿನ ಮೀನುಗಳಿಗೂ ಅವಳ ಮಾತು ಬಾಯಿಪಾಠ ಬರುತ್ತಿತ್ತು ಎಂದರೆ ಅದರಲ್ಲಿ ಅರ್ಧವಾದರೂ ನಿಜ.

"ಅಲೆಗೆ ಯಾವತ್ತೂ ಬೆನ್ನು ಕೊಡಬೇಡಿ. ದೋಣಿ ಹತ್ತೋಕೆ ಮುಂಚೆನೇ ಬಾಡಿಗೆ ಮಾತಾಡ್ಕೊಳ್ಳಿ, ನಡುನೀರಲ್ಲಿ ಮಾತಾಡಿದ್ರೆ ಅವನು ಹೇಳಿದ್ದೇ ರೇಟು. ಮೋಡ ಇದೆ ಅಂತ ಟೋಪಿ ಬಿಟ್ಟು ಹೋಗ್ಬೇಡಿ, ಸಂಜೆಗೆ ನಿಮ್ಮ ಮೂಗು ನಿಮ್ಮ ಮಾತು ಕೇಳಲ್ಲ. ಕೊನೇದಾಗಿ, ನೀರಿಗಿಳಿಯೋದು ಹಳದಿ ಛತ್ರಿ ಮುಂದೆ ಮಾತ್ರ. ಆಚೆ ಅಲ್ಲ, ಈಚೆ ಅಲ್ಲ, ಛತ್ರಿ ನೇರಕ್ಕೆ. ಆಗಾಗ ತಿರುಗಿ ನೋಡ್ಕೊಳ್ಳಿ."

ಹಳದಿ ಛತ್ರಿ ಅವಳ ಮೈದುನನದು. ದಡದಲ್ಲಿ ಕುರ್ಚಿ ಬಾಡಿಗೆಗೆ ಕೊಡುವುದು ಅವನ ಕಸುಬು. ಆ ಛತ್ರಿಯ ಅಗಲ ಎಷ್ಟೆಂದರೆ, ಬಿಚ್ಚಿದರೆ ಪಕ್ಕದ ಊರಿಗೂ ನೆರಳಾಗುತ್ತಿತ್ತು. ಅವನು ಅದನ್ನು ನೆಡುತ್ತಿದ್ದ ಜಾಗದ ಮುಂದೆ ನೀರೊಳಗೆ ಮರಳಿನ ದಿಬ್ಬವಿತ್ತು. ಅಲೆಗಳು ಅಲ್ಲಿ ಬಿಳಿನೊರೆಯಾಗಿ ಒಡೆಯುತ್ತಿದ್ದವು. ಸದ್ದು ಜಾಸ್ತಿ, ಆಳ ಸೊಂಟದಷ್ಟು. ಅದರ ಪಕ್ಕದಲ್ಲಿ ನೀರು ಕನ್ನಡಿಯ ಹಾಗೆ ಸುಮ್ಮನಿರುವ ಒಂದು ಪಟ್ಟಿ ಇತ್ತು. ಹೊಸಬರಿಗೆ ಅದನ್ನು ಕಂಡರೆ ಪ್ರೀತಿ. ದಡಕ್ಕೆ ಬಂದ ಅಷ್ಟೂ ನೀರು ವಾಪಸು ಹೋಗುವ ದಾರಿ ಅದೇ, ಇಳಿದವರನ್ನು ಸದ್ದಿಲ್ಲದೆ ಒಳಕ್ಕೆ ಎಳೆದುಕೊಂಡು ಹೋಗುತ್ತದೆ ಎಂಬುದು ಊರಿನವರಿಗೆ ಮಾತ್ರ ಗೊತ್ತಿತ್ತು. ಬಂದವರಿಗೆ ಮರಳುದಿಬ್ಬ, ಸೆಳೆತ ಅಂತೆಲ್ಲ ವಿವರಿಸುವಷ್ಟರಲ್ಲಿ ಅವರು ಆಕಳಿಸುತ್ತಾರೆಂದು ಅಕ್ಕ ಎಲ್ಲವನ್ನೂ ಛತ್ರಿಗೆ ಗಂಟು ಹಾಕಿದ್ದಳು. ಛತ್ರಿಯವನಿಗೆ ಮಾತ್ರ ಆ ವಿಷಯ ಹೇಳಿರಲಿಲ್ಲ. ದಿನವಿಡೀ ಮಾತಾಡುವವಳಿಗೆ ಒಂದು ಮಾತು ಬಿಟ್ಟುಹೋಗುವುದು ಹೀಗೆಯೇ.

ಆ ಬೆಳಗ್ಗೆ ಗಡಿಯಾರ ರಿಪೇರಿಯವನೊಬ್ಬ ಹೆಂಡತಿಯೊಂದಿಗೆ ಬಂದಿಳಿದಿದ್ದ. ಹುಟ್ಟಿದಾರಭ್ಯ ಹೇಳಿದ್ದನ್ನು ಹೇಳಿದ ಹಾಗೆ ಮಾಡುವ ಮನುಷ್ಯ. ದಪ್ಪ ಕನ್ನಡಕ ಸರಿಮಾಡಿಕೊಂಡು ಪ್ರತಿ ಮಾತನ್ನೂ ಕೈಯಲ್ಲಿ ತೂಗಿ ನೋಡುವವನಂತೆ ಕೇಳಿದ.

"ಛತ್ರಿ ನೇರಕ್ಕೆ ಅಂದ್ರೆ ಕಂಬದ ನೇರಕ್ಕೋ, ಅಂಚಿನ ನೇರಕ್ಕೋ?"

"ಅಯ್ಯೋ ರಾಮ, ಕಂಬದ ನೇರಕ್ಕೇ ಇಟ್ಕೊಳ್ಳಿ ಅಣ್ಣ!" ಅಕ್ಕ ನಕ್ಕಳು. ಜೀವಮಾನದಲ್ಲಿ ಮೊದಲ ಸಲ ಯಾರೋ ಕೊನೆಯತನಕ ಕೇಳಿದ್ದರು. ಅವಳ ಎದೆ ಎರಡು ಕೋಣೆಯಷ್ಟು ಉಬ್ಬಿತು.

ಅವರು ಹೊರಟ ಸ್ವಲ್ಪ ಹೊತ್ತಿಗೆ ಅವಳು ಒದ್ದೆ ಹಾಸಿಗೆಬಟ್ಟೆಗಳನ್ನು ಹೊತ್ತು ಮಹಡಿಗೆ ಹೋದಳು. ಮೊದಲನೆಯ ಬಟ್ಟೆ ಕೊಡವಿ ಹಗ್ಗಕ್ಕೆ ಹಾಕಿ ದಡದ ಕಡೆ ನೋಡಿದಳು.

ಛತ್ರಿ ಅದರ ಜಾಗದಲ್ಲಿರಲಿಲ್ಲ.

ಅದು ಪಕ್ಕಕ್ಕೆ ಸರಿದಿತ್ತು, ಆ ಕನ್ನಡಿ ನೀರಿನ ಎದುರಿಗೇ. ಅದರ ನೇರಕ್ಕೆ, ಕಂಬದ ನೇರಕ್ಕೇ, ನೀರಿನಲ್ಲಿ ಒಂದು ಕರಿ ತಲೆ.

ಅಕ್ಕ ಮೆಟ್ಟಿಲು ಇಳಿದಳೋ ಹಾರಿದಳೋ ಮೆಟ್ಟಿಲಿಗೂ ಗೊತ್ತಾಗಲಿಲ್ಲ. ಚಪ್ಪಲಿ ಒಂದು ಕೌಂಟರಿನ ಹತ್ತಿರ ಉಳಿಯಿತು, ಇನ್ನೊಂದು ರಸ್ತೆಯಲ್ಲಿ. ಸುಡುವ ಮರಳಿನ ಮೇಲೆ ಬರಿಗಾಲಲ್ಲಿ ಓಡುತ್ತ ಅವಳು ಕೂಗಿದ ಕೂಗಿಗೆ ದಡದ ಕಾಗೆಗಳೆಲ್ಲ ಎದ್ದವು. ಮೈದುನ ಮಾತ್ರ ಕುರ್ಚಿಯಲ್ಲಿ ಕಾಲು ಚಾಚಿಕೊಂಡು ಕೂತೇ ಇದ್ದ.

"ಛತ್ರಿ ಯಾಕೋ ಇಲ್ಲಿಗೆ ತಂದೆ?"

"ನೀವೇ ತಾನೆ ಅತ್ತಿಗೆ ನಿನ್ನೆ ಬೈದಿದ್ದು? ಅಲೆ ಬಂದು ನಿಮ್ಮ ಗಿರಾಕಿಗಳ ಚೀಲ ನೆನೆಯುತ್ತೆ ಅಂತ. ಇಲ್ಲಿ ನೋಡಿ, ಒಂದು ಹನಿ ಮೇಲೆ ಬರಲ್ಲ."

"ಅವರನ್ನ ಈಜೋಕೆ ನಿನ್ನ ಛತ್ರಿ ತೋರಿಸಿ ಕಳಿಸ್ತೀನಿ ಕಣೋ ನಾನು!"

ಮೈದುನ ಒಂದು ಗಳಿಗೆ ಅವಳ ಮುಖ ನೋಡಿದ. ಆಮೇಲೆ ನೀರು ನೋಡಿದ. ಕುರ್ಚಿಯಿಂದ ಎದ್ದ. "ನಂಗೆ ಯಾವತ್ತು ಹೇಳಿದ್ರಿ ಅದನ್ನ?"

ಆ ತಲೆ ಈಗ ದೂರವಾಗಿತ್ತು. ಗಡಿಯಾರದವನು ದಡದ ಕಡೆಗೇ ಕೈ ಬೀಸಿ ಈಜುತ್ತಿದ್ದ, ನೇರವಾಗಿ ಛತ್ರಿಯ ಕಡೆಗೆ, ಒಂದಿಷ್ಟೂ ಓರೆಯಾಗದೆ. ಬೀಸಿದಷ್ಟೂ ನೀರು ಅವನನ್ನು ಹಿಂದಕ್ಕೆ ಕರೆದುಕೊಂಡು ಹೋಗುತ್ತಿತ್ತು. ನೆರಳಿನಲ್ಲಿ ಕೂತಿದ್ದ ಹೆಂಡತಿ ಎದ್ದು ನಿಂತಿದ್ದಳು.

"ಏನಾಯ್ತು? ಅವರು ಚೆನ್ನಾಗೇ ಈಜ್ತಿದ್ದಾರಲ್ಲ?"

"ಪಕ್ಕಕ್ಕೆ ಬನ್ನಿ ಅಣ್ಣಾ! ಪಕ್ಕಕ್ಕೆ!" ಅಕ್ಕ ಎರಡೂ ಕೈ ಆಡಿಸಿ ಕಿರುಚಿದಳು. ಎದುರುಗಾಳಿ ಆ ಮಾತನ್ನು ಹಾಗೇ ತಿರುಗಿಸಿ ಅವಳ ಬಾಯಿಗೇ ತುರುಕಿತು. ಊರಿಗೆಲ್ಲ ಕೇಳುವ ರೇಡಿಯೊ ಆ ಒಬ್ಬ ಮನುಷ್ಯನಿಗೆ ಕೇಳಲಿಲ್ಲ.

"ಕೈ ಆಡಿಸಿದ್ರೂ ಕಾಣಲ್ಲ ಅವರಿಗೆ," ಹೆಂಡತಿ ಅಂದಳು. "ಕನ್ನಡಕ ನನ್ನ ಹತ್ರ ಇದೆ."

"ತಾಯಿ, ಆ ತುದೀಲಿ ಕೆಂಪು ಅಂಗಿಯವನು ಕಾಣ್ತಾನಲ್ಲ, ಅವನು ಕಡಲ ಕಾವಲಿನವನು. ಓಡಿ, ತೇಲೋ ಹಲಗೆ ತಗೊಂಡು ಬಾ ಅಂತ ಹೇಳಿ!" ಹೆಂಡತಿ ಕನ್ನಡಕ ಹಿಡಿದುಕೊಂಡೇ ಓಡಿದಳು. ಆದರೆ ಆ ತುದಿ ತುಂಬಾ ದೂರವಿತ್ತು. ಅವಳು ಹೋಗಿ, ಅವನು ಬಂದು, ಅಲ್ಲಿಯತನಕ ನೀರು ಕಾಯುತ್ತದೆಯೇ?

ಮೈದುನ ಛತ್ರಿಯ ಕೊಂಡಿಗೆ ಕೈ ಹಾಕಿದ್ದ. "ಮೊದಲು ಇದನ್ನ ಮುಚ್ಚಿಬಿಡ್ತೀನಿ. ಇನ್ಯಾರಾದ್ರೂ ಇಳಿದಾರು."

"ಮುಚ್ಚಬೇಡ!" ಅಕ್ಕ ಅವನ ಕೈ ಹಿಡಿದಳು. ಅವಳ ಉಗುರು ಅವನ ಮಣಿಕಟ್ಟಿಗೆ ನಾಟಿತು. "ಆ ಮನುಷ್ಯನಿಗೆ ಈಗ ಲೋಕದಲ್ಲಿ ಕಾಣ್ತಿರೋದು ಇದೊಂದೇ. ಕೀಳು. ಎತ್ತು. ನಡಿ ಹಳೇ ಜಾಗಕ್ಕೆ."

"ಈ ಗಾಳೀಲಿ ಬಿಚ್ಚಿದ ಛತ್ರಿ ಎತ್ತಿದ್ರೆ ನಾವೇ ಹಾರಿಹೋಗ್ತೀವಿ ಅತ್ತಿಗೆ!"

"ಹಾರಿದ್ರೆ ಹಾರೋಣ, ಆ ಕಡೆಗೇ ಹಾರೋಣ!"

ಇಬ್ಬರೂ ಕಂಬ ತಬ್ಬಿ ಕಿತ್ತರು. ಛತ್ರಿ ಕೊಬ್ಬಿದ ಹೋರಿಯಂತೆ ಅವರನ್ನು ಎಳೆದಾಡಿತು. ಮೈದುನ ಒಮ್ಮೆ ಮೊಣಕಾಲೂರಿ ಬಿದ್ದ, ಎದ್ದ. ಅಕ್ಕನ ಸೆರಗು ಕಡ್ಡಿಗೆ ಸಿಕ್ಕಿ ಹರಿಯಿತು. ಆ ಮೈಗೆ ಆ ಬಲ ಎಲ್ಲಿಂದ ಬಂತೋ, ಎರಡು ಎತ್ತಿನ ಬಂಡಿಯನ್ನು ಒಬ್ಬಳೇ ಎಳೆಯುವ ಹಾಗೆ ಎಳೆದಳು.

"ಮೆಲ್ಲಗೆ ಕಣೋ," ಏದುಸಿರಿನಲ್ಲಿ ಹೇಳಿದಳು. "ಓಡಿದ್ರೆ ಅವರ ಕಣ್ಣು ತಪ್ಪುತ್ತೆ."

ಅವಳು ನೀರಿನ ಕಡೆ ತಿರುಗಿದಳು. ತಲೆ ಹಾಗೆಯೇ ನೇರ ದಡದ ಕಡೆಗಿತ್ತು. ತಿರುಗಲಿಲ್ಲ. ಒಂದು ಅಲೆ ಎದ್ದಿತು. ತಲೆ ಕಾಣಲಿಲ್ಲ. ಅಲೆ ಇಳಿಯಿತು. ಆಗಲೂ ಕಾಣಲಿಲ್ಲ. ನಾನು ಹೇಳದೇ ಇದ್ದಿದ್ದರೆ ಈ ಮನುಷ್ಯ ದಡದಲ್ಲಿ ಕೂತು ಕಾಲು ನೆನೆಸಿಕೊಂಡು ಹೋಗುತ್ತಿದ್ದನಲ್ಲ ಎಂದುಕೊಳ್ಳುತ್ತಲೇ ಅಕ್ಕ ಕಂಬ ಎಳೆದಳು.

"ಅಗೋ!" ಮೈದುನ ಅಂದ.

ತಲೆ ಮೇಲೆದ್ದಿತ್ತು. ಅದು ಒಂದು ಕ್ಷಣ ಗೊಂದಲದಲ್ಲಿ ಆ ಕಡೆ ಈ ಕಡೆ ಹೊರಳಿತು. ಆಮೇಲೆ ಓರೆಯಾಯಿತು. ಛತ್ರಿ ಸರಿದ ಕಡೆಗೆ ಒಂದು ಕೈ ಬಿತ್ತು, ಇನ್ನೊಂದು ಬಿತ್ತು. ಛತ್ರಿ ಇನ್ನಷ್ಟು ಸರಿಯಿತು, ಅವನೂ ಸರಿದ. ಬೀಸುವ ಕೈಗಳು ಸೋಲುತ್ತಿದ್ದವು, ಎರಡರ ನಡುವಿನ ಬಿಡುವು ಬೆಳೆಯುತ್ತಿತ್ತು. ಹಳೇ ಗುಂಡಿ ಕಾಲಿಗೆ ಸಿಕ್ಕಿದೊಡನೆ ಕಂಬವನ್ನು ಅದರೊಳಗೆ ಊರಿ, ಇಬ್ಬರೂ ಅದಕ್ಕೆ ಜೋತುಬಿದ್ದರು.

ದೂರದಲ್ಲಿ ಬಿಳಿನೊರೆಯೊಂದು ಒಡೆದು ಅವನನ್ನು ಮಗುಚಿತು, ಉರುಳಿಸಿತು, ಮುಂದಕ್ಕೆ ನೂಕಿತು. ನೊರೆ ಕರಗಿದಾಗ ಗಡಿಯಾರದವನು ಸೊಂಟದಷ್ಟು ನೀರಿನಲ್ಲಿ ಎದ್ದು ನಿಂತಿದ್ದ.

ಅವನು ತೂರಾಡುತ್ತ ದಡಕ್ಕೆ ಬಂದು ಮರಳಿನ ಮೇಲೆ ಕುಸಿದ. ಹಲಗೆ ಹಿಡಿದ ಕಾವಲಿನವನೂ ಹೆಂಡತಿಯೂ ಅಷ್ಟು ಹೊತ್ತಿಗೆ ಬಂದರು. ಅವಳು ಬಿಕ್ಕುತ್ತ ಅವನ ಮುಖಕ್ಕೆ ಕನ್ನಡಕ ಏರಿಸಿದಳು. ಅವನು ಉಪ್ಪುನೀರು ಉಗುಳಿ, ಮೊದಲು ಛತ್ರಿಯನ್ನು, ಆಮೇಲೆ ಅಕ್ಕನನ್ನು ನೋಡಿದ.

"ಛತ್ರಿ ನೇರಕ್ಕೇ ಇರಿ ಅಂದ್ರಿ," ಕೆಮ್ಮುತ್ತ ಅಂದ. "ಅದು ಓಡಾಡುತ್ತೆ ಅಂತ ಹೇಳ್ಲಿಲ್ಲ."

"ಹೇಳ್ಲಿಲ್ಲ ಅಣ್ಣ," ಎಂದಳು ಅಕ್ಕ. "ತಪ್ಪು ನಂದೇ." ಅದಕ್ಕಿಂತ ಹೆಚ್ಚು ಮಾತು ಅವಳಿಗೆ ಹೊರಡಲಿಲ್ಲ. ಊರಿನ ಚರಿತ್ರೆಯಲ್ಲಿ ರೇಡಿಯೊ ಕೆಟ್ಟದ್ದು ಅದೊಂದೇ ಸಲ. ಸಂಜೆಯವರೆಗೆ ಕೌಂಟರಿನಲ್ಲಿ ಬೀಗದಕೈಗಳ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಮರುದಿನ ಗಡಿಯಾರದವನು ಹೆಗಲಿಗೆ ಟವೆಲ್ಲು ಹಾಕಿಕೊಂಡು ಮೆಟ್ಟಿಲಿಳಿದು ಬಂದ. ಹೆಂಡತಿ ಹಿಂದಿನಿಂದ ಅಂಗಿ ಹಿಡಿದು ಎಳೆಯುತ್ತಿದ್ದಳು.

"ಇವತ್ತು ಎಲ್ಲಿ ಇಳೀಬೇಕು ಅಕ್ಕ?"

ಅಕ್ಕ ಕೌಂಟರಿನ ಹಲಗೆ ಎತ್ತಿ ಹೊರಗೆ ಬಂದು ಚಪ್ಪಲಿ ಮೆಟ್ಟಿದಳು.

"ಕೂತಿರಿ. ನಾನು ಮೊದಲು ಹೋಗಿ ನೋಡ್ಕೊಂಡು ಬರ್ತೀನಿ."