ಚಾರ್ಜ್ ಹಿಡಿಯದ ಗಾಡಿ

"ಮಗಳ ಹೊಟ್ಟೆ ತುಂಬಿದೆ, ಅಳಿಯನ ಕಾರಿನ ಹೊಟ್ಟೆ ಮಾತ್ರ ಖಾಲಿ!" ಅಂದ ಮಾವ ತಿಹೊಮಿರ್, ಅಂಗಳದಲ್ಲಿದ್ದ ಅಷ್ಟೂ ಜನಕ್ಕೆ ಕೇಳುವ ಹಾಗೆ. "ನಿಂತ ಗಾಡಿ ಎಬ್ಬಿಸಲಾರದ ಗಂಡಸು, ನೋವು ಬಂದಾಗ ಹೆಂಡತೀನ ಹೆಗಲ ಮೇಲೆ ಹೊತ್ಕೊಂಡು ಹೋಗ್ತಾನಾ?"

ಅಂಗಳ ಗೊಳ್ಳೆಂದಿತು. ಚಳಿಗಾಲಕ್ಕೆ ಮೆಣಸಿನಕಾಯಿ ಸುಟ್ಟಿಡುವ ದಿನ. ತಗಡಿನ ಒಲೆಯ ಸುತ್ತ ಅರ್ಧ ಬೀದಿಯೇ ಕೂತು, ಕೆಂಪು ದಪ್ಪ ಕಾಯಿಗಳ ಕರಿ ಸಿಪ್ಪೆ ಸುಲಿಯುತ್ತ ಹಣ್ಣಿನ ಸಾರಾಯಿ ರಾಕಿಯಾ ಗುಟುಕರಿಸುತ್ತಿತ್ತು. ಅಳಿಯ ವೆಲಿಬೋರ್ ಕೈಲಿದ್ದ ಕಾಯಿಯನ್ನು ಬೋಗುಣಿಗೆ ಎಸೆದ. ಅವನ ಕಿವಿಯೂ ಒಲೆಯಷ್ಟೇ ಕಾದಿತ್ತು.

"ಹೆರಿಗೆ ಆಗೋವರೆಗೂ ಯಾಸ್ನಾ ಇಲ್ಲೇ ಇರ್ತಾಳೆ," ಮಾವ ತೀರ್ಪು ಕೊಟ್ಟ. "ನನ್ನ ಹಳೇ ಡೀಸೆಲ್ ಗಾಡಿ ಒಂದು ದಿನ ಕೈಕೊಟ್ಟಿಲ್ಲ."

"ನಾನು ನನ್ನ ಮನೇಲಿರ್ತೀನಪ್ಪ," ಅಂದಳು ಯಾಸ್ನಾ, ದಿನ ತುಂಬಿದ ಹೊಟ್ಟೆಯ ಮೇಲೆ ಕೈಯಿಟ್ಟು.

"ಕಾರು ಎದ್ದರೆ ಹೋಗು ಮಗಳೇ. ಬೇಡ ಅಂದೋರು ಯಾರು?"

"ಕತ್ತಲಾಗೋದ್ರೊಳಗೆ ಏಳುತ್ತೆ," ಅಂದ ವೆಲಿಬೋರ್. "ಮತ್ತೆ ಮಲಗೋದೂ ಇಲ್ಲ."

ಬಾಯಿಮಾತಿಗೆ ಅಂದದ್ದಲ್ಲ. ಎಂಜಿನ್ನಿಗೆ ಕರೆಂಟೂ ಕೈಜೋಡಿಸುವ ಮೈಲ್ಡ್ ಹೈಬ್ರಿಡ್ ಕಾರು ಅದು. ಮುಂದೆ ಎಲ್ಲ ಗಾಡಿಗಿರುವಂಥ ಬ್ಯಾಟರಿ, ಪಕ್ಕದ ಸೀಟಿನ ಕೆಳಗೆ ಇನ್ನೊಂದು. ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗಲೆಲ್ಲ ಸೀಟಿನಡಿಯದು ಕರೆಂಟು ತುಂಬಿಕೊಂಡು ಮುಂದಿನದಕ್ಕೆ ಉಣಿಸಬೇಕು. ಚಳಿ ಶುರುವಾದಾಗಿನಿಂದ ಉಣಿಸುತ್ತಿರಲಿಲ್ಲ. ಕೆಂಪು ದೀಪ ಹತ್ತುತ್ತಿತ್ತು, ಮಾರನೇ ಬೆಳಿಗ್ಗೆ ಗಾಡಿ ಹೆಣ. ವೆಲಿಬೋರ್ ಮುಂದಿನ ಬ್ಯಾಟರಿ ಹೊಸದು ಹಾಕಿಸಿದ, ಬೆಲ್ಟ್ ಬದಲಾಯಿಸಿದ. ವರ್ಕ್‌ಶಾಪಿನವರು ಕಂಪ್ಯೂಟರ್ ಸಿಕ್ಕಿಸಿ ನೋಡಿ, "ಸೀಟಿನಡಿಯ ಬ್ಯಾಟರಿ ಬಿಸಿಯಾಗಿ ಚಾರ್ಜ್ ಬೇಡ ಅಂತಿದೆ, ಹೊಸದು ಹಾಕಿ" ಅಂದಿದ್ದರು. ಇವನು ಒಪ್ಪಿರಲಿಲ್ಲ. ಜ್ವರ ಬಂತು ಅಂತ ಮನುಷ್ಯನನ್ನೇ ಬದಲಾಯಿಸುತ್ತಾರಾ? ಜ್ವರ ಯಾಕೆ ಬಂತು, ಅದನ್ನು ನೋಡಬೇಕು.

ಪಕ್ಕದ ಮನೆಯವನು ತನ್ನ ಗಾಡಿಯಿಂದ ವೈರು ಎಳೆದು ಕೊಟ್ಟ. "ಇದೂ ಆಗದಿದ್ರೆ ಹೇಳು ಮಾರಾಯ, ಕತ್ತೆ ಕಟ್ಟಿ ಎಳೆಸೋಣ."

"ಕತ್ತೆ ಯಾಕೆ, ನೀನೇ ಇದೀಯಲ್ಲ," ಅಂದ ವೆಲಿಬೋರ್.

ಎಂಜಿನ್ ಎದ್ದಿತು. ಕೆಂಪು ದೀಪ ಆರಲಿಲ್ಲ. ಅವನು ಪಕ್ಕದ ಬಾಗಿಲು ತೆಗೆದು ಮಣ್ಣಲ್ಲಿ ಮೊಣಕಾಲೂರಿ ಕಿವಿಗೊಟ್ಟ. ಸೀಟಿನಡಿಯ ಬ್ಯಾಟರಿಯನ್ನು ತಣ್ಣಗಿಡುವ ಫ್ಯಾನು ಉಸಿರುಗಟ್ಟಿದವನ ಹಾಗೆ ಕೀರಲಿಡುತ್ತಿತ್ತು. ಗಾಳಿ ಎಳೆದುಕೊಳ್ಳುವ ಕಿಂಡಿಗೆ ಅಂಗೈ ಹಿಡಿದ. ಎಳೆತವೇ ಇಲ್ಲ. ಬೆರಳು ತೂರಿಸಿದ. ಮೆತ್ತಗೆ ಏನೋ ತಗಲಿತು. ಹಿಡಿದು ಜಗ್ಗಿದ.

ಉಣ್ಣೆಯ ಕಾಲುಚೀಲ. ಹಿಂದೆಯೇ ಅದರ ಜೋಡಿ. ಕೆಂಪಿನ ಮೇಲೆ ಕರಿ ಹೂವು. ಈ ಮನೆಯವರೆಲ್ಲರ ಕಾಲಲ್ಲೂ ಇರುವ ಹೆಣಿಗೆ.

ತಲೆಯೆತ್ತಿದರೆ ಅತ್ತೆ ದೆಸಾಂಕಾ ಕಾರಿನ ಮರೆಯಲ್ಲಿ ನಿಂತಿದ್ದಳು, ಸಿಪ್ಪೆ ಮೆತ್ತಿದ ಕೈ ಎದೆಗೊತ್ತಿಕೊಂಡು.

"ಹುಡುಗಿ ಕಾಲಿಗೆ ಗಾಳಿ ಹಾಯ್ತಿತ್ತು ಕಣಪ್ಪ," ಪಿಸುಗುಟ್ಟಿದಳು. "ಬಸುರಿ. ಸೊಂಟಕ್ಕೆ ಹೊಡೆದ್ರೆ ಏನು ಗತಿ? ಒಂದು ತೂತು ಮುಚ್ಚಿದ್ರೆ ಗಾಡಿಗೇನಾಗುತ್ತೆ ಅಂದ್ಕೊಂಡೆ." ಅಂಗಳದ ಕಡೆ ತಿರುಗಿ ನೋಡಿದಳು. "ನಿನ್ನ ಮಾವನೋರಿಗೆ ಮಾತ್ರ ಹೇಳ್ಬೇಡ. ನನ್ನ ಮಣ್ಣು ಮಾಡೋ ದಿನಾನೂ ಆಡ್ಕೊಂಡು ನಗ್ತಾರೆ."

ವೆಲಿಬೋರ್ ಹಲ್ಲು ಕಡಿದ. ಹೊಸ ಬ್ಯಾಟರಿ, ಹೊಸ ಬೆಲ್ಟ್, ಭಾನುವಾರ ಭಾನುವಾರ ಮಾವನ ಚುಚ್ಚುಮಾತು, ಎಲ್ಲ ಒಂದು ಜೊತೆ ಕಾಲುಚೀಲಕ್ಕೆ! ಆದರೆ ಬೈಯುವುದು ಯಾರನ್ನು? ಯುದ್ಧದಲ್ಲಿ ಸತ್ತವರಿಗಿಂತ ಹಾಯುಗಾಳಿಗೆ ಸತ್ತವರೇ ಹೆಚ್ಚು ಅಂತ ಊರಿಗೂರೇ ನಂಬಿದೆ. ಜುಲೈ ಸೆಕೆಯಲ್ಲೂ ಬಸ್ಸಿನ ಕಿಟಕಿ ತೆಗೆಯಲು ಬಿಡದ ಜನ. ಅವನ ತಾಯಿ ಇದ್ದಿದ್ದರೆ ಕಂಬಳಿಯನ್ನೇ ತುರುಕುತ್ತಿದ್ದಳು.

ಅಷ್ಟರಲ್ಲಿ ಫ್ಯಾನಿನ ಕೀರಲು ಇಳಿಯಿತು. ಅವನು ಗಾಡಿ ತಿರುಗಿಸಿ ಗುಡ್ಡ ಹತ್ತಿದ. ಬ್ರೇಕ್ ಒತ್ತೊತ್ತಿ ಇಳಿಯುವಾಗ, ಎರಡನೇ ತಿರುವಿನಲ್ಲಿ ಕೆಂಪು ದೀಪ ಆರಿತು. ಒಬ್ಬನೇ ಇದ್ದುದರಿಂದ ಗಟ್ಟಿಯಾಗಿ ಒಂದು ಬೈಗುಳ ಬೈದು, ಆಮೇಲೆ ನಕ್ಕ. ಇನ್ನೂ ಒಂದು ಸುತ್ತು ಹೊಡೆದು ಬಂದು ಅಂಗಳದ ನಟ್ಟನಡುವೆ ನಿಲ್ಲಿಸಿ ಎಂಜಿನ್ ಆರಿಸಿದ. ಮೆಣಸಿನಕಾಯಿ ಸುಲಿಯುವ ಕೈಗಳು ನಿಂತವು. ಅವನು ಸ್ಟಾರ್ಟ್ ಗುಂಡಿ ಒತ್ತಿದ.

ಎದ್ದಿತು. ಯಾರ ವೈರೂ ಇಲ್ಲದೆ.

ಯಾಸ್ನಾ ತನ್ನ ಬಟ್ಟೆಯ ಗಂಟು ಎತ್ತಿಕೊಂಡಳು. ಅವಳನ್ನು ಕೂರಿಸುವ ನೆಪದಲ್ಲಿ ವೆಲಿಬೋರ್ ಕಾಲುಚೀಲದ ಉಂಡೆಯನ್ನು ಅತ್ತೆಯ ಏಪ್ರನ್ನಿನ ಜೇಬಿಗೆ ತುರುಕಿ ದನಿ ತಗ್ಗಿಸಿದ. "ಕೂಸಿಗೊಂದು ಜೊತೆ ಚಿಕ್ಕದು ಹೆಣೀರಿ, ಅತ್ತೆ. ಇವಳ ಕಾಲಿಗೆ ಕಂಬಳಿ ಸುತ್ತೀನಿ, ಗಾಳಿ ಸೋಕಲ್ಲ. ಆ ಕಿಂಡಿ ಮಾತ್ರ ಮುಟ್ಬೇಡಿ."

ದೆಸಾಂಕಾ ತಲೆಯಾಡಿಸಿದಳು. ಕಣ್ಣಲ್ಲಿ ನೀರಿತ್ತು. ಹೊಗೆಗೆ ಅಂತ ಒರೆಸಿಕೊಂಡಳು.

"ಏನಾಗಿತ್ತಂತೋ?" ಒಲೆಯ ಕಡೆಯಿಂದ ಮಾವ ಕೂಗಿದ. "ಹೇಳು, ನಾವೂ ಸ್ವಲ್ಪ ಬುದ್ಧಿ ಕಲೀತೀವಿ! ಏನು, ನಿನಗೇ ಗೊತ್ತಿಲ್ವಾ? ನೋಡ್ರಪ್ಪ, ಕುರುಡು ಕೋಳಿಗೆ ಕಾಳು ಸಿಕ್ಕ ಹಾಗೆ!"

ಮತ್ತೆ ನಗು. ದೆಸಾಂಕಾ ಮಾತ್ರ ನಗಲಿಲ್ಲ. ಜೇಬಿನ ಮೇಲೆ ಕೈ ಒತ್ತಿ ಹಿಡಿದಿದ್ದಳು. ಉತ್ತರ ವೆಲಿಬೋರನ ನಾಲಿಗೆಯ ತುದಿಯಲ್ಲೇ ಇತ್ತು, ಒಂದೇ ಪದ.

"ಅಳಿಯಾ! ನಿನ್ನನ್ನೇ ಕೇಳ್ತಿರೋದು!"

ವೆಲಿಬೋರ್ ಕೈಗೆ ಮೆತ್ತಿದ್ದ ಮಸಿಯನ್ನು ಪ್ಯಾಂಟಿಗೆ ಒರೆಸಿಕೊಂಡು, ಗುರುಗುಡುತ್ತಿದ್ದ ಗಾಡಿಯ ಕಡೆ ನಡೆದ.