ರಾಮದುರ್ಗದ ರೊಟ್ಟಿ ಸಪ್ಪಳ

ನನ್ನ ತಂಗಿ ಶಟ್ಟೆವ್ವ ಮದುವೆಯಾಗಿ ರಾಮದುರ್ಗಕ್ಕೆ ಹೋದ ಮೇಲೆ ನಾವಿಬ್ಬರೂ ಒಂದು ರೂಢಿ ಮಾಡಿಕೊಂಡೆವು. ಬೆಳಿಗ್ಗೆ ಒಲೆ ಹಚ್ಚಿದ ಕೂಡಲೇ ಅವಳು ಫೋನ್ ಮಾಡುತ್ತಾಳೆ. ಇಯರ್‌ಫೋನನ್ನು ಒಂದು ಕಿವಿಗೆ ಸಿಕ್ಕಿಸಿಕೊಂಡು ತಲೆ ಮೇಲೆ ಸೆರಗು ಎಳೆದುಕೊಳ್ಳುತ್ತಾಳೆ. ಇಲ್ಲಿ ಕಿತ್ತೂರಿನಲ್ಲಿ ನಾನು ಎರಡೂ ಕಿವಿಗೆ ತುರುಕಿಕೊಂಡು ಹೊಲಿಗೆ ಮಷಿನ್ ಮುಂದೆ ಕೂರುತ್ತೇನೆ. ಮಾತು ಬಹಳ ಇರುವುದಿಲ್ಲ. ಅವಳು ರೊಟ್ಟಿ ಬಡಿಯುವುದು ನನಗೆ ಕೇಳಬೇಕು, ನನ್ನ ಮಷಿನ್ ಅವಳಿಗೆ ಕೇಳಬೇಕು, ಅಷ್ಟೇ. ಮಧ್ಯಾಹ್ನದವರೆಗೂ ಇಬ್ಬರೂ ಫೋನ್ ಇಡುವುದಿಲ್ಲ.

ಹೇಳಿದರೆ ನಗುತ್ತೀರಿ, ಗೊತ್ತು. ನಗಿರಿ. ಅವ್ವ ತೀರಿಕೊಂಡ ಮೇಲೆ ಆ ಹುಡುಗಿಗೆ ಜಡೆ ಹಾಕಿ ಶಾಲೆಗೆ ಕಳಿಸಿದವಳು ನಾನು. ಈಗ ನಲವತ್ತು ದಾಟಿದ್ದೇನೆ, ಮದುವೆಯ ಮಾತು ಯಾರೂ ಎತ್ತುವುದಿಲ್ಲ, ನನ್ನ ಪುಣ್ಯ. ಆದರೆ ಯಾರೂ ಮಾತಾಡದ ಮನೆಯೆಂದರೆ ನನಗೆ ಭಯ. ಆ ರೊಟ್ಟಿ ಸಪ್ಪಳ ಇದ್ದರೆ ಮನೆಯಲ್ಲಿ ಇನ್ನೊಬ್ಬರು ಇದ್ದಂತೆ.

ದೀಪಾವಳಿ ಕಳೆದ ಮೇಲೆ ಸಪ್ಪಳ ಸಣ್ಣದಾಗತೊಡಗಿತು. ಪಕ್ಕದ ಕೋಣೆಯಲ್ಲಿ ಬಡಿದಂತೆ ಕೇಳುತ್ತಿದ್ದ ರೊಟ್ಟಿ ಓಣಿಯಾಚೆ ಬಡಿದಂತೆ ಕೇಳಿತು. ವಾಲ್ಯೂಮ್ ಏರಿಸಿದೆ, ಕೊನೆಗೆ ಏರಿಸಲು ಜಾಗ ಉಳಿಯಲಿಲ್ಲ. ಇವಳೇ ನನ್ನನ್ನು ದೂರ ಇಡುತ್ತಿದ್ದಾಳೆ ಅನ್ನಿಸಿತು. ಬೇಸರ ಬಂದಿರಬೇಕು, ಬಾಯಿಬಿಟ್ಟು ಹೇಳಲಾರಳು. ಈ ವಿಚಾರ ತಲೆ ಹೊಕ್ಕ ಮೇಲೆ ನನ್ನ ಹೊಲಿಗೆಯೂ ಸೊಟ್ಟಗಾಯಿತು.

"ಫೋನ ಎಲ್ಲಿ ಇಟ್ಟೀ?" ಒಂದು ದಿನ ಕೇಳಿಯೇಬಿಟ್ಟೆ.

"ಕಿವ್ಯಾಗ ಐತಿ ಅಕ್ಕಾ."

"ಮತ್ಯಾಕ ಕೇಳಸವಲ್ದು? ನಾ ಬ್ಯಾಡಾಗಿದ್ರ ಬ್ಯಾಡ ಅಂತ ಹೇಳ."

"ಏನ ಮಾತಾಡ್ತಿ? ಮೊದಲ ನಿನ್ನ ಕಿವಿ ಡಾಕ್ಟರಿಗೆ ತೋರಸ."

ನನ್ನ ಕಿವಿಗೇನು ಧಾಡಿ ಎಂದು ಫೋನ್ ಕಟ್ ಮಾಡಿದೆ. ಎರಡು ದಿನ ಅವಳು ಮಾಡಿದರೂ ಎತ್ತಲಿಲ್ಲ.

ಧಾಡಿ ಇತ್ತು. ಮೊಮ್ಮಗಳ ಚೂಡಿದಾರ ಒಯ್ಯಲು ಬಂದ ಜುಬೇದಾಬಿ ಬಾಗಿಲಲ್ಲಿ ನಿಂತು ಕರೆದು ಕರೆದು, ಕೊನೆಗೆ ಒಳಗೆ ಬಂದು ಭುಜ ತಟ್ಟಿದರು. ಆಗ ನನ್ನ ಕಿವಿಯಲ್ಲಿ ಇಯರ್‌ಫೋನ್ ಕೂಡ ಇರಲಿಲ್ಲ.

"ಕಿವಿ ಮಂದ ಆಗ್ಯಾವೇನವಾ ಅನ್ನಪೂರ್ಣಾ? ಓಣಿ ಮಂದಿಯೆಲ್ಲ ಹೊರಗ ಬಂದ್ರು, ನೀ ಮಾತ್ರ ಏಳವಲ್ಲಿ."

ಕಿವುಡಿ ಎನಿಸಿಕೊಂಡು ಕುಣಿಯಬೇಕೆನಿಸಿದವಳು ಈ ತಾಲೂಕಿನಲ್ಲಿ ನಾನೊಬ್ಬಳೇ ಇರಬೇಕು. ತಪ್ಪು ನನ್ನ ಕಿವಿಯದಾದರೆ ತಂಗಿ ದೂರ ಹೋಗಿಲ್ಲ. ಅಂದೇ ಅವಳಿಗೆ ಫೋನ್ ಮಾಡಿ, ಡಾಕ್ಟರ ಹತ್ತಿರ ಹೋಗುತ್ತೇನೆಂದು ಹೇಳಿದೆ.

ಬೈಲಹೊಂಗಲದ ಡಾಕ್ಟರು ದೀಪ ಹಿಡಿದು ಎರಡೂ ಕಿವಿ ನೋಡಿದರು. "ಏನೇನ ತುರುಕೀರಿ ಇದರಾಗ?"

"ಇಯರ್‌ಫೋನ್ರಿ. ಕಡೀತೈತಂತ ಒಮ್ಮೊಮ್ಮೆ ತಲಿ ಪಿನ್ನ."

"ಕಿವ್ಯಾಗಿನ ಗುಗ್ಗಿ ತಾನ ಹೊರಗ ಬರತೈತ್ರಿ. ನೀವು ದಿನಾ ಬೂಚ ಜಡದು ಅದನ್ನ ಒಳಗ ದೂಡೀರಿ. ಈಗ ಗೋಡಿ ಆಗಿ ಕುಂತೈತಿ."

ಮೆತ್ತಗಾಗಲೆಂದು ಹನಿ ಔಷಧ ಬರೆದುಕೊಟ್ಟರು. "ಮನ್ಯಾಗ ಯಾರಿಗರೆ ಹಾಕಾಕ ಹೇಳ್ರಿ," ಎಂದರು. ಯಾರೂ ಇಲ್ಲ ಎನ್ನಲು ನಾಚಿಕೆಯಾಗಿ ಹೂಂ ಎಂದೆ. ಮನೆಯಲ್ಲಿ ಒಂದು ಮಗ್ಗುಲಿಗೆ ಮಲಗಿ, ಕನ್ನಡಿ ಹಿಡಿದು ನಾನೇ ಹಾಕಿಕೊಂಡೆ. ಅರ್ಧ ದಿಂಬೇ ಕುಡಿಯಿತು.

ಮುಂದಿನ ವಾರ ಬೆಚ್ಚಗಿನ ನೀರು ಬಿಟ್ಟು ತೊಳೆದರು. ಹುಣಸೆ ಬೀಜದಂಥ ಎರಡು ಉಂಡೆ ಹೊರಬಿದ್ದವು. ಸ್ವಲ್ಪ ದಿನ ಇಯರ್‌ಫೋನ್ ಮುಟ್ಟಬೇಡಿ ಎಂದು ಬೇರೆ ಹೇಳಿದರು. ಕಿತ್ತೂರಿನ ಬಸ್ಸಿನಲ್ಲಿ ಕಿಟಕಿ ಗಾಜಿನ ಗಡಗಡ, ಕಂಡಕ್ಟರನ ಚಿಲ್ಲರೆ, ನನ್ನವೇ ಬಳೆಗಳು, ಎಲ್ಲ ಜಗಳಕ್ಕೆ ಬಂದಂತೆ ಕೇಳಿದವು. ದಾರಿಯುದ್ದಕ್ಕೂ ಒಬ್ಬಳೇ ನಗುತ್ತ ಬಂದೆ.

ಡಾಕ್ಟರ ಮಾತು ಮೀರಿದೆ. ಮರುದಿನ ಬೆಳಿಗ್ಗೆ ಶಟ್ಟೆವ್ವನ ಫೋನ್ ಬಂದ ಕೂಡಲೇ ಇಯರ್‌ಫೋನ್ ಒರೆಸಿ ಹಾಕಿಕೊಂಡೆ. ತಟ್, ತಟ್, ತಟ್. ರೊಟ್ಟಿ ಮತ್ತೆ ಪಕ್ಕದ ಕೋಣೆಗೆ ಬಂದಿತ್ತು. ಹಿಟ್ಟು ಒರೆಸುವ ಅಂಗೈ ಸಪ್ಪಳ ಕೂಡ ಕೇಳಿತು. ಕಣ್ಣಲ್ಲಿ ನೀರು ಬಂತು. ಕಿವಿ ಬಿಚ್ಚಿತು ಎಂದು ಹೇಳಲು ಬಾಯಿ ತೆರೆದೆ.

"ಕಿವ್ಯಾಗ ಯಾರ ಅದಾರ?" ಅವಳ ಅತ್ತೆಯ ದನಿ.

"ಯಾರಿಲ್ರಿ ಅತ್ತಿ. ಹಾಡ ಹಚ್ಚೇನಿ."

"ದಿನಾ ಅದ ಹಾಡೇನ?"

"ಹೂನ್ರಿ. ರೂಢಿ ಬಿದ್ದೈತಿ."

ಮಾತು ತಡವರಿಸಲಿಲ್ಲ, ರೊಟ್ಟಿ ಬಡಿಯುವ ಕೈಯೂ ನಿಲ್ಲಲಿಲ್ಲ. ಎಷ್ಟು ದಿನದಿಂದ ಹೀಗೆ ಹೇಳುತ್ತಿದ್ದಳೋ, ಗುಗ್ಗೆ ನನಗೆ ಕೇಳಗೊಟ್ಟಿರಲಿಲ್ಲ. ಸಿಟ್ಟು ಬರಲಿಲ್ಲ. ಆ ಮನೆಯಲ್ಲಿ ಬಾಳಬೇಕಾದವಳು ಅವಳು. ಆದರೆ ಇಲ್ಲಿ ನನ್ನ ಮನೆಯ ಇಷ್ಟು ದೊಡ್ಡ ಪಡಸಾಲೆಯಲ್ಲಿ ನಾನು ಒಬ್ಬಳೇ ಕೂತಿದ್ದೇನೆಂದು ಆಗಲೇ ಸರಿಯಾಗಿ ತಿಳಿಯಿತು.

ಅತ್ತೆ ಹೊರಗೆ ಹೋದರೇನೋ, ಶಟ್ಟೆವ್ವ ಪಿಸುದನಿಯಲ್ಲಿ ಕೇಳಿದಳು. "ಅಕ್ಕಾ, ಡಾಕ್ಟರ್ ಏನಂದ್ರು? ಈಗ ಎಲ್ಲಾ ಕೇಳಸ್ತೈತೇನ?"

ಅವಳ ಉಸಿರು ಕೂಡ ಕೇಳುತ್ತಿತ್ತು, ಅಂಜಿದ ಉಸಿರು.

"ಇಲ್ಲವ್ವಾ," ಎಂದೆ. "ಇನ್ನೂ ಮಂದ ಐತಿ. ನೀ ರೊಟ್ಟಿ ಬಡಿ."

ನಾನು ಮಷಿನ್ ತುಳಿಯತೊಡಗಿದೆ. ಸೂಜಿಗೆ ದಾರ ಪೋಣಿಸಿರಲಿಲ್ಲ. ಅವಳಿಗೆ ಸಪ್ಪಳ ಕೇಳಬೇಕಿತ್ತು, ಅಷ್ಟೇ.